ಇನ್ನೊಬ್ಬರು ಆರಿಸಿದ ಬಣ್ಣ

ನನ್ನ ಮೇಜಿನ ಮೇಲಿರುವುದನ್ನು ನೋಡಿದವರು ಮೊದಲು ಹೇಳುವ ಮಾತು "ಓಹೋ, ಕಸದಿಂದ ರಸ!" ಎಂದು. ಪ್ರೀತಿಯಿಂದಲೇ ಹೇಳುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ: ಪರಿಸರಕ್ಕೂ ಒಳ್ಳೇದು, ಅಲ್ವಾ? ನಾನು ಹೂಂ ಎಂದು ನಕ್ಕು ಸುಮ್ಮನಾಗುತ್ತೇನೆ. ಆದರೆ ಈ ಮೆಚ್ಚುಗೆ ಬಹಳ ದಿನದಿಂದ ಒಳಗೇ ಕೊರೆಯುತ್ತಿದೆ. ನಾನು ಮಾಡುವುದು ಇಷ್ಟು: ಹಳೇ ಕಾಗದ, ರಟ್ಟು, ಲಕೋಟೆ, ಪೊಟ್ಟಣದ ಹೊದಿಕೆ ಇವನ್ನೆಲ್ಲ ಹರಿದು ಅಂಟಿಸಿ (ಇದಕ್ಕೆ ಕೊಲಾಜ್ ಎನ್ನುತ್ತಾರೆ), ಮೇಲೋ ನಡುವೆಯೋ ಜಲವರ್ಣ ಹರಿಸಿ, ಯಾವ ವಸ್ತುವನ್ನೂ ಹೋಲದ ಚಿತ್ರ ಮಾಡುವುದು. ಇದರಿಂದ ಪರಿಸರಕ್ಕೆ ಆಗುವ ಉಪಕಾರದ ಲೆಕ್ಕ ಹಾಕಿದರೆ ನನಗೇ ನಗು ಬರುತ್ತದೆ. ಒಂದು ಚಿತ್ರಕ್ಕೆ ಹಿಡಿಯುವುದು ಹೆಚ್ಚೆಂದರೆ ಒಂದೆರಡು ಹಿಡಿ ಚೂರು. ಸುಮ್ಮನೆ ರದ್ದಿಗೆ ಹಾಕಿದ್ದರೆ ಆ ಲಕೋಟೆ ನೀರಿನಲ್ಲಿ ನೆನೆದು, ತಿರುಳಾಗಿ, ಮತ್ತೆ ಕಾಗದವಾಗಬಹುದಿತ್ತು. ನಾನು ಅದಕ್ಕೆ ಪಿವಿಎ ಅಂಟು ಬಳಿದು, ಪಕ್ಕದಲ್ಲಿ ಪ್ಲಾಸ್ಟಿಕ್ ಜಾಲರಿಯ ತುಂಡು ಕೂರಿಸಿ, ಮೇಲೆ ಅಕ್ರಿಲಿಕ್ ವಾರ್ನಿಶ್ ಎಳೆದ ಮೇಲೆ ಯಾವ ಕಾಗದದ ಕಾರ್ಖಾನೆಗೂ ಅದು ಬೇಡ. ಮರುಬಳಕೆಗೆ ಹೊರಟ ಕಾಗದವನ್ನು ಅರ್ಧ ದಾರಿಯಲ್ಲಿ ಅಡ್ಡಗಟ್ಟಿ ಗೋಡೆಗೆ ನೇತುಹಾಕುವ ಕೆಲಸ ಇದು.

ಹಾಗಾದರೆ ರದ್ದಿಯೇ ಯಾಕೆ? ಬಣ್ಣದ ಕಾಗದ ಬೇಕಾದಷ್ಟು ಸಿಗುತ್ತದೆ, ಕೊಂಡು ತಂದೂ ನೋಡಿದ್ದೇನೆ. ಆರಿಸುವಾಗಲೇ ಎಡವಟ್ಟು. ನನ್ನ ಕೈ ಹೋಗುವುದು ನನಗಿಷ್ಟವಾದ ಬೂದುನೀಲಿಗೆ, ಆಮೇಲೆ ಅದಕ್ಕೆ ಹೊಂದುವ ಮಣ್ಣುಗೆಂಪಿಗೆ. ಒಂದಕ್ಕೊಂದು ಎಲ್ಲವೂ ಒಪ್ಪುತ್ತವೆ, ಒಪ್ಪಿಸಿದವಳು ನಾನೇ ಆದ್ದರಿಂದ. ಚಿತ್ರ ಮುಗಿದಾಗ ನನಗೆ ಮೊದಲೇ ಗೊತ್ತಿಲ್ಲದ್ದು ಅದರಲ್ಲಿ ಏನೂ ಇರುವುದಿಲ್ಲ. ರದ್ದಿಯ ಡಬ್ಬದಿಂದ ಎದ್ದು ಬರುವ ಮಾತ್ರೆ ಪೆಟ್ಟಿಗೆಯ ಆ ಗುಲಾಬಿಯನ್ನು ಮಾತ್ರ ನಾನು ಜನ್ಮದಲ್ಲಿ ಆರಿಸುತ್ತಿರಲಿಲ್ಲ. ಯಾರೋ ಎಲ್ಲೋ ಕೂತು, ಬಹುಶಃ ಪಕ್ಕದ ಪೆಟ್ಟಿಗೆಗಿಂತ ಬೇರೆ ಕಾಣಲಿ ಎಂಬ ಒಂದೇ ಕಾರಣಕ್ಕೆ ಅದನ್ನು ಆರಿಸಿದ್ದಾರೆ. ಅದು ಬಂದು ನನ್ನ ಬೂದುನೀಲಿಯ ಪಕ್ಕ ಕೂತು ಜಗಳ ತೆಗೆಯುತ್ತದೆ. ನನಗೆ ಬೇಕಾದದ್ದು ಆ ಜಗಳ. ಅದನ್ನು ಮೆಚ್ಚಿ ಯಾರೂ ಬೆನ್ನು ತಟ್ಟುವುದಿಲ್ಲ ಎನ್ನುವುದು ಬೇರೆ ಮಾತು.

ಲಕೋಟೆಯ ಒಳಮೈ

ಬ್ಯಾಂಕಿನಿಂದಲೋ ವಿಮೆಯವರಿಂದಲೋ ಬರುವ ಲಕೋಟೆಯನ್ನು ಅಂಟು ಬಿಡಿಸಿ ಪೂರ್ತಿ ಬಿಚ್ಚಿ ನೋಡಿ. ಹೊರಗೆ ಬಿಳಿ, ಒಳಗೆ ನೀಲಿಯೋ ಬೂದೋ ಬಣ್ಣದ ಸಣ್ಣ ವಿನ್ಯಾಸ. ಒಂದರಲ್ಲಿ ಅಡ್ಡಾದಿಡ್ಡಿ ಗೀಟುಗಳು, ಇನ್ನೊಂದರಲ್ಲಿ ಅಲೆ, ಮತ್ತೊಂದರಲ್ಲಿ ಅರ್ಥವಿಲ್ಲದ ಅಕ್ಷರಗಳ ಗೋಜಲು. ಒಳಗಿರುವ ಪತ್ರವನ್ನು ಬೆಳಕಿಗೆ ಹಿಡಿದು ಯಾರೂ ಓದಬಾರದು ಎಂದು ಮಾಡಿದ ಮರೆ ಅದು. ಇನ್ನೊಂದನ್ನು ಕಾಣದಂತೆ ಮಾಡುವುದೇ ಅದರ ಕೆಲಸ. ಅದನ್ನೇ ಯಾರಾದರೂ ನಿಂತು ನೋಡಲಿ ಎಂದು ಮಾಡಿದ್ದಲ್ಲ. ಹತ್ತಿರದಿಂದ ನೋಡಿದರೆ ಒಂದೊಂದು ಗೀಟೂ ಕಾಣುತ್ತದೆ, ಮುದ್ರಣದ ಶಾಯಿ ಅಲ್ಲಲ್ಲಿ ತುಸು ಹರಡಿರುವುದೂ ಕಾಣುತ್ತದೆ. ಕೈ ಚಾಚಿ ಹಿಡಿದರೆ ಗೀಟೆಲ್ಲ ಕರಗಿ ಮಬ್ಬು ನೀಲಿಯೊಂದೇ ಉಳಿಯುತ್ತದೆ. ಅದರ ಪಕ್ಕಕ್ಕೆ ಅಲ್ಟ್ರಾಮರೀನ್ ನೀಲಿಯ ತೆಳು ವಾಶ್, ಅಂದರೆ ನೀರು ಬೆರೆಸಿದ ಬಣ್ಣದ ಪದರ, ಎಳೆದರೆ ಎರಡು ನೀಲಿಗಳು ಎದುರುಬದುರಾಗುತ್ತವೆ: ಒಂದು ಯಂತ್ರ ಎಳೆದದ್ದು, ಇನ್ನೊಂದು ನೀರು ಬಿಟ್ಟುಹೋದದ್ದು. ಅಲ್ಟ್ರಾಮರೀನಿನ ಕಣಗಳು ದಪ್ಪ, ಒರಟು ಕಾಗದದ ಸಣ್ಣ ಸಣ್ಣ ಗುಳಿಗಳಲ್ಲಿ ಇಳಿದು ಕೂರುತ್ತವೆ. ಹಾಗಾಗಿ ಅದಕ್ಕೂ ತನ್ನದೇ ಚುಕ್ಕಿಗಳು. ಒಂದೆರಡು ಮಾರು ದೂರದಿಂದ ನೋಡಿದರೆ ಯಾವುದು ಮುದ್ರಣ, ಯಾವುದು ಬಣ್ಣ ಎಂದು ನನಗೇ ಅನುಮಾನ.

ಕೊಲಾಜ್ ಆಧುನಿಕ ಕಲೆಯೊಳಗೆ ಬಂದದ್ದೇ ಇಂಥ ಎರವಲಿನಿಂದ. 1912ರಲ್ಲಿ ಪಿಕಾಸೊ ತನ್ನ ಚಿತ್ರದಲ್ಲಿ ಕುರ್ಚಿಯ ಬೆತ್ತದ ಹೆಣಿಗೆ ಬರೆಯುವ ಬದಲು, ಹೆಣಿಗೆಯ ಚಿತ್ರ ಮುದ್ರಿಸಿದ್ದ ಮೇಣಗಪ್ಪಡವನ್ನೇ ಅಂಟಿಸಿದ. ಅದೇ ವರ್ಷ ಫ್ರೆಂಚ್ ಚಿತ್ರಕಾರ ಬ್ರಾಕ್, ಮರದ ಗೆರೆಗಳನ್ನು ಅಚ್ಚುಹಾಕಿದ್ದ ಗೋಡೆ ಕಾಗದವನ್ನು ಅಂಗಡಿಯಿಂದ ತಂದು ಕತ್ತರಿಸಿ ಹಚ್ಚಿದ. ಬೆತ್ತವೂ ನಿಜವಲ್ಲ, ಮರವೂ ನಿಜವಲ್ಲ. ಎರಡೂ ಇನ್ಯಾರೋ ಮೊದಲೇ ಬರೆದಿಟ್ಟ ಚಿತ್ರಗಳು. ಜರ್ಮನಿಯಲ್ಲಿ ಕುರ್ಟ್ ಶ್ವಿಟರ್ಸ್ 1919ರಿಂದ ಟ್ರಾಮ್ ಟಿಕೆಟ್ಟು, ಹೊದಿಕೆ ಕಾಗದ, ಮರದ ಚೂರುಗಳಿಂದಲೇ ಕಟ್ಟಿದ ಚಿತ್ರಗಳಿಗೆ 'ಮೆರ್ಟ್ಸ್' ಎಂದು ಕರೆದ. ಆ ಹೆಸರೂ ಬ್ಯಾಂಕೊಂದರ ಮುದ್ರಿತ ಕಾಗದದಿಂದ ಕತ್ತರಿಸಿಕೊಂಡ ಅರೆಬರೆ ತುಂಡು. ಶ್ವಿಟರ್ಸ್ ತೀರಿಕೊಂಡ 1948ರಲ್ಲೇ ನ್ಯೂಯಾರ್ಕಿನಲ್ಲಿ ಅವನ ಕೊಲಾಜುಗಳನ್ನು ಅಮೆರಿಕದ ಕಲಾವಿದೆ ಆನ್ ರಯಾನ್ ನೋಡಿದಳು. ಆಗ ಅವಳಿಗೆ 58. ಅಲ್ಲಿಂದ ಶುರುಮಾಡಿ 1954ರಲ್ಲಿ ಸಾಯುವವರೆಗೆ ಸುಮಾರು 400 ಕೊಲಾಜ್ ಮಾಡಿದಳು, ಹೆಚ್ಚಿನವು ಪುಟ್ಟವು. ಬಟ್ಟೆಯ ಎಳೆ ಬಿಟ್ಟುಕೊಂಡ ಅಂಚು, ಸುಕ್ಕು, ಮಾಸಲು ಬಿಳಿ. ದೊಡ್ಡ ದನಿಯೇ ಇಲ್ಲ ಅವುಗಳಲ್ಲಿ. ಕೊಲಾಜ್ ಎಂದರೆ ಎಲ್ಲರೂ ಮೊದಲು ಹೆಸರಿಸುವ ಫ್ರೆಂಚ್ ಚಿತ್ರಕಾರ ಮತೀಸನ ಕತ್ತರಿ ಕೆಲಸ ನನ್ನ ಈ ವಾದದಿಂದ ಹೊರಗೇ ಉಳಿಯುತ್ತದೆ. ಅವನು ಕತ್ತರಿಸಿದ್ದು ತನಗೆ ಬೇಕಾದ ಬಣ್ಣವನ್ನು ಸಹಾಯಕರಿಂದ ಗ್ವಾಶ್ ಎಂಬ ಅಪಾರದರ್ಶಕ ಜಲವರ್ಣದಲ್ಲಿ ಬಳಿಸಿಟ್ಟುಕೊಂಡ ಹಾಳೆಗಳನ್ನು. ಅದ್ಭುತ, ಸಂಶಯವೇ ಇಲ್ಲ. ಆದರೆ ಅಲ್ಲಿ ಕಾಗದ ಎದುರು ಮಾತಾಡುವುದಿಲ್ಲ.

ಅಪ್ಪ ಓದಿದ ಚಿತ್ರ

ಒಂದು ಸಂಜೆ ಅಪ್ಪ ನನ್ನ ಚಿತ್ರವೊಂದರ ಮುಂದೆ ತುಂಬ ಹೊತ್ತು ನಿಂತರು. ಕನ್ನಡಕವನ್ನು ಹಣೆಗೇರಿಸಿ, ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿ ನೋಡುತ್ತಿದ್ದರು. ನನಗೆ ಒಳಗೊಳಗೇ ಹಿಗ್ಗು. ಅಮೂರ್ತ ಚಿತ್ರದ ಮುಂದೆ ಅಪ್ಪ ಹೀಗೆ ನಿಂತದ್ದನ್ನು ನಾನು ಕಂಡಿರಲಿಲ್ಲ. ಕೊನೆಗೆ ತಿರುಗಿ ಕೇಳಿದರು: "ಇದು ನಮ್ಮ ಕರೆಂಟ್ ಬಿಲ್ ಅಲ್ವೇನೇ?"

"ಹೌದಪ್ಪ, ಹಳೇದು."

"ಇಲ್ಲಿ ಬಾಕಿ ಅಂತ ಇದೆ. ಕಟ್ಟಿದ್ದೀಯ ತಾನೆ?"

ಕಟ್ಟಿದ್ದೇನೆ ಎಂದ ಮೇಲೂ ಅವರಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಚಿತ್ರದಲ್ಲಿ ಮೇಲಿನಿಂದ ಇಳಿದು ಬರುವ ಒಂದು ಕೆಂಪು ಪಟ್ಟಿ ಇತ್ತು, ಅದು ನಿಲ್ಲುವ ಜಾಗಕ್ಕೆ ಭಾರ ಕೊಡಲು ಆ ಬಿಲ್ಲಿನ ಬೂದು ತುಂಡನ್ನು ನಾನು ಬಹಳ ಯೋಚಿಸಿ ಇಟ್ಟಿದ್ದೆ. ಅಪ್ಪನಿಗೆ ಪಟ್ಟಿಯೂ ಕಾಣಲಿಲ್ಲ, ಭಾರವೂ ಕಾಣಲಿಲ್ಲ. ಅಕ್ಷರ ಕಂಡಿತು, ಓದಿದರು. ಓದು ಬಲ್ಲ ಕಣ್ಣಿಗೆ ಅಕ್ಷರವನ್ನು ಬರೀ ಆಕಾರವಾಗಿ ನೋಡು ಎಂದರೆ ಆಗುವ ಕೆಲಸವೇ ಅಲ್ಲ. ನನಗೆ ಓದಲು ಬಾರದ ಲಿಪಿಯ ಪತ್ರಿಕೆಯ ತುಂಡನ್ನು ಎಲ್ಲಿ ಬೇಕಾದರೂ ಅಂಟಿಸುತ್ತೇನೆ, ಅದು ತೆಪ್ಪಗೆ ಒಂದು ಹೆಣಿಗೆಯಾಗಿ ಕೂರುತ್ತದೆ. ಕನ್ನಡ ಪತ್ರಿಕೆಯ ತುಂಡು ಇಟ್ಟರೆ ಮುಗಿಯಿತು, ಅದು ಮಾತಿಗೆ ಶುರುಮಾಡುತ್ತದೆ. ಚಿಕ್ಕ ಅಕ್ಷರವಾದರೆ ಒಂದಿಷ್ಟು ಪಳಗಿಸಬಹುದು, ಗುಂಡು ಗುಂಡಾದ ಅಕ್ಷರಗಳ ಸಾಲು ದೂರಕ್ಕೆ ಬೂದು ಮರಳಿನ ಹಾಗಾಗುತ್ತದೆ. ತಲೆಬರಹದ ಗಾತ್ರದ ಅಕ್ಷರ ಮಾತ್ರ ಯಾರ ಮಾತೂ ಕೇಳುವುದಿಲ್ಲ.

ಅದರ ಬಾಯಿ ಮುಚ್ಚಿಸಲು ಕೈಗೆ ಹತ್ತಿರುವ ಉಪಾಯಗಳು ಕೆಲವಿವೆ. ತುಂಡನ್ನು ತಲೆಕೆಳಗು ಮಾಡುವುದು ಎಲ್ಲರಿಗೂ ಹೊಳೆಯುತ್ತದೆ, ಕೆಲಸಕ್ಕೆ ಬರುವುದು ಕಡಿಮೆ, ನಮ್ಮ ಕಣ್ಣು ತಲೆಕೆಳಗಾದ ಅಕ್ಷರವನ್ನೂ ತಿರುಗಿಸಿಕೊಂಡು ಓದಿಬಿಡುತ್ತದೆ. ಸಾಲನ್ನು ಅಡ್ಡಕ್ಕೆ, ಅಕ್ಷರಗಳ ನಡುಮಧ್ಯೆ ಹರಿದರೆ ವಾಸಿ. ತಲೆಕಟ್ಟು ಒಂದು ಕಡೆ, ಹೊಟ್ಟೆ ಇನ್ನೊಂದು ಕಡೆ ಹೋಗುತ್ತದೆ. ನನಗೆ ಹೆಚ್ಚು ಇಷ್ಟವಾದದ್ದು ಮಗ್ಗುಲು ಬದಲಿಸಿ ಅಂಟಿಸುವುದು. ಅಂಟಿನ ತೇವಕ್ಕೆ ತೆಳು ಕಾಗದ ಪಾರದರ್ಶಕವಾಗಿ, ಹಿಂದಿನ ಅಕ್ಷರಗಳು ಕನ್ನಡಿ ಬಿಂಬವಾಗಿ ಮಸುಕಾಗಿ ಮೇಲೇಳುತ್ತವೆ. ಒಣಗಿದ ಮೇಲೂ ಒಂದಷ್ಟು ಉಳಿಯುತ್ತದೆ. ಏನೋ ಬರೆದಿದೆ ಎಂದು ಗೊತ್ತಾಗಬೇಕು, ಏನೆಂದು ತಿಳಿಯಬಾರದು. ಪೂರ್ತಿ ಅಳಿಸಿಹಾಕಿದರೆ ರದ್ದಿ ಬಳಸಿಯೂ ಪ್ರಯೋಜನವಿಲ್ಲ, ಅಂಗಡಿಯ ಬೂದು ಕಾಗದವೇ ಸಾಕಿತ್ತು.

ಅಂದಹಾಗೆ ಬಿಲ್ಲು, ರಸೀದಿಗಳ ಆ ನುಣುಪು ಕಾಗದ ಒಂದು ವಿಚಿತ್ರ ಪ್ರಾಣಿ. ಅದರಲ್ಲಿ ಶಾಯಿಯೇ ಇರುವುದಿಲ್ಲ. ಬಣ್ಣವಿಲ್ಲದ ಒಂದು ವರ್ಣದ್ರವ್ಯ ಮತ್ತು ಆಮ್ಲೀಯವಾದ ಇನ್ನೊಂದು ಪದಾರ್ಥ ಕಾಗದದ ಮೇಲ್ಪದರದಲ್ಲಿ ಬೇರೆ ಬೇರೆಯಾಗಿ ಕೂತಿರುತ್ತವೆ. ಯಂತ್ರದ ಬಿಸಿ ತಲೆ ತಾಗಿದಲ್ಲಿ ಎರಡೂ ಕರಗಿ ಬೆರೆತು ಕಪ್ಪಾಗುತ್ತದೆ. ಹಾಗಾಗಿ ಬಿಸಿ ಮಾಡಿದ ಚಮಚದ ಹಿಂಬದಿಯಿಂದಲೇ ಅದರ ಮೇಲೆ ಚಿತ್ರ ಬರೆಯಬಹುದು. ಇಸ್ತ್ರಿಪೆಟ್ಟಿಗೆಯ ಅಂಚು ಮೆಲ್ಲಗೆ ತಾಗಿಸಿದರೆ ಬೂದಿನಿಂದ ಕಪ್ಪಿನವರೆಗೆ ಇಳಿಯುವ ನೆರಳು ಸಿಗುತ್ತದೆ. ಯಾವ ಕುಂಚಕ್ಕೂ ಸುಲಭಕ್ಕೆ ಒಗ್ಗದ ನೆರಳು ಅದು. ಆದರೆ ಬೆಳಕಿಗೂ ಎಣ್ಣೆ ಜಿಡ್ಡಿಗೂ ಅದು ಮಾಸುತ್ತ ಹೋಗುತ್ತದೆ. ಅಪ್ಪ ಓದಿದ ಬಿಲ್ಲು ಈಗ ಹೆಚ್ಚುಕಮ್ಮಿ ಖಾಲಿ. ಬಾಕಿ ತಾನಾಗಿಯೇ ತೀರಿದೆ. ಕೆಂಪು ಪಟ್ಟಿಗೆ ನಿಲ್ಲಲು ಜಾಗವಿಲ್ಲದಂತಾಗಿದೆ, ಅದು ಬೇರೆ ತಾಪತ್ರಯ.

ನೀರಿಗೆ ತಾಳ್ಮೆ ಇಲ್ಲ

ಕೊಲಾಜ್ ಮತ್ತು ಜಲವರ್ಣ ಎರಡನ್ನೂ ಒಂದೇ ಹಾಳೆಯ ಮೇಲೆ ತರುವುದು ಯಾಕೆ ಎಂದು ಕೇಳಿದರೆ, ಅವೆರಡರ ಸ್ವಭಾವ ತದ್ವಿರುದ್ಧ ಎಂಬುದೇ ನನ್ನ ಉತ್ತರ. ಕಾಗದದ ಚೂರುಗಳನ್ನು ಅಂಟು ಹಚ್ಚದೆ ಎಷ್ಟು ಹೊತ್ತು ಬೇಕಾದರೂ ಸರಿಸಾಡಬಹುದು. ಎಡಕ್ಕೆ, ಬಲಕ್ಕೆ, ಒಂದರ ಮೇಲೊಂದು, ಬೇಡ, ಮತ್ತೆ ಮೊದಲಿನ ಜಾಗಕ್ಕೆ. ತೀರ್ಮಾನವನ್ನು ಮುಂದೂಡುತ್ತಲೇ ಇರಬಹುದು. ಫ್ಯಾನ್ ಹಾಕದಿದ್ದರೆ ಸಾಕು. ಮೈದಾ ಅಂಟಿನಲ್ಲಿ ಹಚ್ಚಿದ್ದನ್ನು ಆಮೇಲೂ ನೀರು ತಾಗಿಸಿ ಎಬ್ಬಿಸಬಹುದು. ಪಿವಿಎ ಒಣಗಿದ ಮೇಲೆ ಆ ಆಟ ಮುಗಿಯಿತು. ಜಲವರ್ಣ ಮಾತ್ರ ಅಷ್ಟೂ ಹೊತ್ತು ಕೊಡುವುದಿಲ್ಲ. ಹಸಿ ವಾಶ್‌ನ ಹೊಳಪು ಆರುವ ಮುಂಚೆ ಏನು ಮಾಡುವುದಿದ್ದರೂ ಮಾಡಿಬಿಡಬೇಕು. ಅರೆ ಒಣಗಿದಾಗ ಮತ್ತೊಂದು ಹನಿ ನೀರು ಬಿದ್ದರೆ ಅದು ಬಣ್ಣವನ್ನು ಹೊರಕ್ಕೆ ತಳ್ಳಿಕೊಂಡು ಹೋಗಿ ಸೊಟ್ಟ ಸೊಟ್ಟ ಅಂಚು ಕಟ್ಟುತ್ತದೆ. ಥಾಲೋ ನೀಲಿಯಂಥ ಬಣ್ಣವಾದರೆ ನಾರಿನೊಳಗೇ ಇಳಿದುಬಿಡುತ್ತದೆ, ಎಷ್ಟು ಒರೆಸಿದರೂ ಕಲೆ ಹೋಗದು.

ಇಷ್ಟರ ಮೇಲೆ ರದ್ದಿ ಕಾಗದದ ಒಂದೊಂದು ಜಾತಿಗೂ ನೀರಿನ ಜತೆ ಒಂದೊಂದು ಬಗೆಯ ಸಂಬಂಧ. ಜಲವರ್ಣಕ್ಕೆಂದೇ ಮಾಡಿದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ದಪ್ಪ ಹಾಳೆಗೆ ಜೆಲಟಿನ್ ತರಹದ ಲೇಪ ಕೊಟ್ಟಿರುತ್ತಾರೆ, ಬಣ್ಣ ಒಮ್ಮೆಗೇ ಇಂಗದೆ ಒಂದು ಕ್ಷಣ ಮೇಲೆ ನಿಲ್ಲುತ್ತದೆ. ಸುದ್ದಿಪತ್ರಿಕೆಗೆ ಅಂಥ ಸಂಕೋಚವಿಲ್ಲ, ಕುಂಚ ತಾಗಿದಲ್ಲೇ ಕುಡಿದು ಮಂಕಾಗುತ್ತದೆ. ಮ್ಯಾಗಜೀನಿನ ಹೊಳಪು ಪುಟದಲ್ಲಿ ಜೇಡಿಮಣ್ಣಿನದೋ ಸುಣ್ಣದ ಪುಡಿಯದೋ ಲೇಪ, ಅಲ್ಲಿ ಬಣ್ಣ ಹನಿಹನಿಯಾಗಿ ಉರುಳಾಡಿ ತನಗೆ ಬೇಕಾದಲ್ಲಿ ಒಣಗುತ್ತದೆ. ಟೀ ಬ್ಯಾಗಿನ ಕಾಗದದಲ್ಲಿ ಉದ್ದನೆಯ ಗಟ್ಟಿ ನಾರು ಇರುವುದರಿಂದ ನೆನೆದರೂ ಹರಿಯುವುದಿಲ್ಲ. ಅಂಟಿಸಿದರೆ ಕೆಳಗಿನ ಬಣ್ಣವನ್ನು ತುಸು ಮಂಜಾಗಿಸಿ ತೋರಿಸುತ್ತದೆ. ಇನ್ನು ಕಂದು ರಟ್ಟು. ಜಲವರ್ಣದಲ್ಲಿ ಬೆಳಕು ಎಂದರೆ ಬಣ್ಣದಡಿಯ ಕಾಗದದ ಬಿಳುಪು. ಅದೇ ಕಂದಾದರೆ ಹಳದಿ ಹಚ್ಚಿದರೂ ಕೆಸರು, ನೀಲಿ ಹಚ್ಚಿದರೂ ಕೆಸರು. ರಟ್ಟಿನ ಮೇಲೆ ಬೆಳಕು ಬೇಕಿದ್ದರೆ ಅದನ್ನು ಬಿಳಿ ಕಾಗದವಾಗಿ ತಂದು ಅಂಟಿಸಬೇಕು, ಅದರ ಮೇಲೆ ವಾಶ್ ಎಳೆಯಬೇಕು. ಎಲ್ಲಿ ಬೆಳಕು ಎಂದು ಕುಂಚ ಎತ್ತುವ ಮುಂಚೆಯೇ ಕತ್ತರಿ ಹೇಳಿಬಿಟ್ಟಿರುತ್ತದೆ. ಈ ಹಿಂದುಮುಂದು ನನಗೆ ಬಲು ಇಷ್ಟ.

ಅಂಟಿಸುವವರೆಲ್ಲ ಬೇಗ ಕಲಿಯುವ ಇನ್ನೊಂದು ವಿಷಯ, ಕಾಗದಕ್ಕೂ ನಾರಿನ ದಿಕ್ಕಿದೆ. ಯಂತ್ರದಲ್ಲಿ ಕಾಗದ ಓಡುವ ದಿಕ್ಕಿಗೇ ನಾರುಗಳು ಹೆಚ್ಚಾಗಿ ಮಲಗುತ್ತವೆ. ಸುದ್ದಿಪತ್ರಿಕೆಯನ್ನು ಒಂದು ಕಡೆಯಿಂದ ಹರಿದರೆ ಅಳತೆಪಟ್ಟಿ ಇಟ್ಟ ಹಾಗೆ ನೇರ ಹರಿಯುತ್ತದೆ, ಇನ್ನೊಂದು ಕಡೆಯಿಂದ ಹರಿದರೆ ಹಾದಿ ತಪ್ಪುತ್ತದೆ. ನೆನೆದ ನಾರು ಉದ್ದಕ್ಕಿಂತ ಅಗಲಕ್ಕೇ ಹೆಚ್ಚು ಉಬ್ಬುವುದರಿಂದ ಹಾಳೆ ಒಂದೇ ದಿಕ್ಕಿಗೆ ಹಿಗ್ಗುತ್ತದೆ, ಸುರುಳುತ್ತದೆ. ಒಣಗುವಾಗ ಕುಗ್ಗಿ ಅಡಿಯ ರಟ್ಟನ್ನೂ ಬಿಲ್ಲಿನಂತೆ ಬಗ್ಗಿಸುತ್ತದೆ. ರಟ್ಟಿನ ಬೆನ್ನಿಗೂ ಅದೇ ದಿಕ್ಕಿನಲ್ಲಿ ಒಂದು ಹಾಳೆ ಅಂಟಿಸಿದರೆ ಎರಡೂ ಕಡೆಯ ಎಳೆತ ಸಮವಾಗಿ ಸಪಾಟಾಗಿ ಕೂರುತ್ತದೆ. ಮೇಲೆ ದಪ್ಪ ಪುಸ್ತಕ ಹೇರಿ ರಾತ್ರಿಯಿಡೀ ಬಿಡಬೇಕು. ನಿಘಂಟುಗಳು ಇದಕ್ಕೆ ಹೇಳಿಮಾಡಿಸಿದ್ದು.

ಹರಿದ ಅಂಚಿನ ವಿಷಯದಲ್ಲಿ ನಾನು ಪಕ್ಷಪಾತಿ. ಕತ್ತರಿಯ ಅಂಚು ತೀರ್ಪು ಕೊಟ್ಟಂತೆ ಇರುತ್ತದೆ. ಹರಿದ ಅಂಚಿನಲ್ಲಿ ಕಾಗದದ ಒಳಗಿನ ಬಿಳಿ ತಿರುಳು ಕಾಣುತ್ತದೆ, ಒಂದು ತುಂಡಿಗೆ ಮಾತ್ರ. ಬಣ್ಣದ ಮೈ ನಿಮ್ಮ ಕಡೆಗಿಟ್ಟುಕೊಂಡು ಹರಿಯಿರಿ: ಕೈ ಎತ್ತ ಎಳೆಯಿತು ಎಂಬುದರ ಮೇಲೆ ಒಂದು ತುಂಡಿಗೆ ಬಿಳಿ ಗೆರೆ ಸಿಗುತ್ತದೆ, ಇನ್ನೊಂದಕ್ಕೆ ಸಿಗುವುದಿಲ್ಲ. ನನ್ನದೇ ಹಳೆಯ ಜಲವರ್ಣಗಳನ್ನೂ ಹೀಗೆ ಹರಿಯುತ್ತೇನೆ. ಇಡೀ ಹಾಳೆಯಾಗಿದ್ದಾಗ ಬಾಯಿ ಬಿಡದಿದ್ದ ವಾಶ್ ಎರಡು ಬೆರಳಗಲದ ಪಟ್ಟಿಯಾದಾಗ ಜೀವ ತಳೆಯುತ್ತದೆ. 1950ರ ದಶಕದಲ್ಲಿ ಅಮೆರಿಕದ ಚಿತ್ರಕಾರ್ತಿ ಲೀ ಕ್ರಾಸ್ನರ್ ತನ್ನ ರೇಖಾಚಿತ್ರಗಳನ್ನು ಸಿಟ್ಟಿನಿಂದ ಹರಿದು ನೆಲಕ್ಕೆಸೆದು ಹೋಗಿ, ಎಷ್ಟೋ ದಿನದ ಮೇಲೆ ಬಂದು ನೋಡಿದಾಗ ನೆಲದ ಮೇಲೆ ಬಿದ್ದದ್ದೇ ಚೆನ್ನಾಗಿ ಕಂಡಿತಂತೆ. 1955ರ ಅವಳ ಕೊಲಾಜ್ ಪ್ರದರ್ಶನಕ್ಕೆ ಅಲ್ಲಿಂದಲೇ ದಾರಿ. ಹರಿದ ಮೇಲೆ ಕಳೆದ ಆ ದಿನಗಳಿಗೆ ನಾನು ಬೆಲೆ ಕೊಡುತ್ತೇನೆ. ಅಷ್ಟು ಹೊತ್ತಿಗೆ ತನ್ನದೇ ಗೆರೆ ಬೇರೆ ಯಾರದೋ ಆಗಿರುತ್ತದೆ.

"ಏನಿದು?"

ಅಕ್ಕನ ಮಗಳು ಬಂದಾಗಲೆಲ್ಲ ಮೊದಲ ಪ್ರಶ್ನೆ ಇದೇ. "ಏನೂ ಅಲ್ಲ ಪುಟ್ಟಿ, ಬರೀ ಬಣ್ಣ" ಎಂದರೆ ಅವಳು ಒಪ್ಪುವ ಪೈಕಿ ಅಲ್ಲ. ಒಂದು ಕ್ಷಣ ನೋಡಿ, "ಸುಳ್ಳು ಚಿಕ್ಕಮ್ಮ, ಇದು ಆಮೆ" ಎಂದಳು ಒಮ್ಮೆ. ಆಮೇಲೆ ನನಗೂ ಅದು ಆಮೆಯೇ. ಓಚರ್ ಎಂಬ ಮಣ್ಣುಹಳದಿ ಹಚ್ಚಿದ ಆ ದುಂಡು ತುಂಡು ಚಿಪ್ಪಾಗಿ, ಪಕ್ಕದ ಚೂರು ಕುತ್ತಿಗೆಯಾಗಿ, ಚಿತ್ರ ಪೂರ್ತಿ ಕೈತಪ್ಪಿತು. ಅಮೂರ್ತ ಎಂದರೆ ಮನಬಂದಂತೆ ಹಚ್ಚುವುದು ಎಂದುಕೊಂಡವರು ಒಮ್ಮೆ ಮಾಡಿ ನೋಡಬೇಕು. ಹಾಳೆಯ ಮಧ್ಯಕ್ಕಿಂತ ಕೆಳಗೆ ಒಂದು ಅಡ್ಡ ಅಂಚು ಬಂತೋ, ಅದು ಸಮುದ್ರ. ಎರಡು ಚುಕ್ಕಿ ಅಕ್ಕಪಕ್ಕ ಬಂದರೆ ಕಣ್ಣು. ಉದ್ದನೆಯ ಹಾಳೆಯ ನಡುವೆ ಉದ್ದನೆಯ ತುಂಡು ಬಂದರೆ ಯಾರೋ ನಿಂತಿದ್ದಾರೆ. ಇವೆಲ್ಲ ಬಾಗಿಲ ಬಳಿಯೇ ಕಾದಿರುತ್ತವೆ, ಒಂದನ್ನು ಹೊರಗೆ ಕಳಿಸಿದರೆ ಇನ್ನೊಂದು ಒಳಗೆ ನುಗ್ಗುತ್ತದೆ. ಪುಟ್ಟಿ ಆಮೆಯನ್ನು ಕಂಡುಹಿಡಿದ ಮೇಲೆ ಹಾಳೆಯನ್ನು ಹಿಡಿದು ತಿರುಗಿಸಿದಳು, ಇನ್ನೇನಾದರೂ ಸಿಗುತ್ತದೋ ಎಂದು. ಏನೂ ಸಿಗಲಿಲ್ಲ. ಅವಳಿಗೆ ನಿರಾಸೆ. ನಾನು ಹಾಳೆಯನ್ನು ಹಾಗೇ ಇಟ್ಟುಕೊಂಡೆ.

ಆಕಸ್ಮಿಕಕ್ಕೆ ಬಿಟ್ಟುಬಿಡಿ ಎನ್ನುವವರಿದ್ದಾರೆ. ಕಲಾವಿದ ಹಾನ್ಸ್ ಆರ್ಪ್ 1916-17ರ ಹೊತ್ತಿಗೆ ಹರಿದ ಚೌಕಗಳನ್ನು ಹಾಳೆಯ ಮೇಲೆ ಬೀಳಿಸಿ, ಬಿದ್ದಲ್ಲೇ ಅಂಟಿಸಿದ ಕತೆ ಪ್ರಸಿದ್ಧ. ಆ ಕೊಲಾಜನ್ನು ಗಮನವಿಟ್ಟು ನೋಡಿದರೆ ಚೌಕಗಳು ಒಂದನ್ನೊಂದು ತುಳಿಯದೆ, ನಡುವೆ ಹದವಾಗಿ ಜಾಗ ಬಿಟ್ಟುಕೊಂಡು ನಿಂತಿವೆ. ಕೈಬಿಟ್ಟ ಕಾಗದ ಅಷ್ಟು ಸಭ್ಯವಾಗಿ ಬೀಳುವುದನ್ನು ನಾನಂತೂ ಕಂಡಿಲ್ಲ. ಇದು ಆರೋಪವಲ್ಲ. ಬಿದ್ದದ್ದರಲ್ಲಿ ಯಾವುದನ್ನು ಬಿಡುವುದು, ಯಾವುದನ್ನು ತುಸು ಸರಿಸುವುದು ಎಂದು ನೋಡುವ ಕಣ್ಣು ಅಲ್ಲೂ ಇತ್ತು, ಅಷ್ಟೇ.

ಹಳದಿಯಾಗುವ ವಿಷಯ

"ಪೇಪರ್ ಹಳದಿಯಾಗುತ್ತಲ್ಲ, ಉಳಿಯುತ್ತಾ?" ಎನ್ನುವುದು ಬುದ್ಧಿವಂತರ ಪ್ರಶ್ನೆ. ಆಗುತ್ತದೆ. ಸುದ್ದಿಪತ್ರಿಕೆಯ ಕಾಗದಕ್ಕೆ ಮರವನ್ನು ಅರೆದು ತಿರುಳು ಮಾಡಿರುತ್ತಾರೆ, ಅದರಲ್ಲಿ ಉಳಿದ ಲಿಗ್ನಿನ್ (ಮರದ ನಾರುಗಳನ್ನು ಹಿಡಿದಿಡುವ ಪದಾರ್ಥ) ಬೆಳಕು ಗಾಳಿಗೆ ಹಳದಿಯಾಗುತ್ತದೆ, ಆಮ್ಲದಿಂದ ಕಾಗದ ಮುರುಕಾಗುತ್ತದೆ. ಪಿಕಾಸೊ ಅಂಟಿಸಿದ ಪತ್ರಿಕೆಯ ತುಂಡುಗಳು ಇವತ್ತು ಬೆಚ್ಚಗಿನ ಕಂದು. ಅಂಟಿಸಿದ ದಿನ ಅವು ಮಾಸಲು ಬಿಳಿ ಇದ್ದವು. ನಾವು ಮೆಚ್ಚುವ ಆ ಚಿತ್ರಗಳ ವರ್ಣಸಂಯೋಜನೆಯಲ್ಲಿ ಒಂದು ಪಾಲು ಹೀಗೆ ವರ್ಷಗಳು ಬಳಿದದ್ದು. ನಾನು ಸುದ್ದಿಪತ್ರಿಕೆಯನ್ನು ಕಿಟಕಿಯ ಬಿಸಿಲಿಗೆ ಇಟ್ಟು, ಮೊದಲೇ ಒಂದಿಷ್ಟು ಮುದುಕಾಗಿಸಿ ಬಳಸುತ್ತೇನೆ. ಪೂರ್ತಿ ಉಳಿಯಬೇಕಾದಲ್ಲಿ ಹತ್ತಿಯ ತಿರುಳಿನ ಕಾಗದ. ಉಳಿದದ್ದು ಬದಲಾದರೆ ಬದಲಾಗಲಿ. ಕೆಲವರು ಮೇಲೆ ಬೆಳಕು ತಡೆಯುವ ವಾರ್ನಿಶ್ ಹೊಡೆಯುತ್ತಾರೆ, ನಾನೂ ಹೊಡೆಯುತ್ತೇನೆ, ನಿಧಾನವಾಗುತ್ತದೆ, ನಿಲ್ಲುವುದಿಲ್ಲ.

ಇದಕ್ಕಿಂತ ದೊಡ್ಡ ಗೊಂದಲ ಮೇಲೆ ಯಾವುದು, ಕೆಳಗೆ ಯಾವುದು ಎಂಬುದು. ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿ 1961ರಲ್ಲಿ ಮತೀಸ ಕಾಗದ ಕತ್ತರಿಸಿ ಮಾಡಿದ ದೋಣಿಯ ಚಿತ್ರ 47 ದಿನ ತಲೆಕೆಳಗಾಗಿ ನೇತಾಡಿತು. ದೋಣಿಯ ಬದಲು ನೀರಿನೊಳಗಿನ ಅದರ ನೆರಳು ಮೇಲಿದೆ ಎಂದು ಗಮನಿಸಿದ್ದು ನೋಡಲು ಬಂದವಳೊಬ್ಬಳು. ಡಚ್ ಚಿತ್ರಕಾರ ಮೊಂಡ್ರಿಯಾನ್ 1941ರಲ್ಲಿ ಬಣ್ಣದ ಅಂಟುಪಟ್ಟಿಗಳಿಂದ ಮಾಡಿದ ಕೃತಿಯೊಂದು 1980ರಿಂದ ಜರ್ಮನಿಯ ಡ್ಯುಸೆಲ್‌ಡಾರ್ಫಿನ ಮ್ಯೂಸಿಯಂನಲ್ಲಿದೆ. ಅದು ಇಷ್ಟು ಕಾಲವೂ ತಲೆಕೆಳಗಾಗಿಯೇ ಇತ್ತು ಎಂದು ಅಲ್ಲಿನ ಕ್ಯುರೇಟರ್ 2022ರಲ್ಲಿ ಹೇಳಿದರು. ಹಾಗಂತ ತಿರುಗಿಸಲಿಲ್ಲ. ಅಂಟು ಸಡಿಲಾಗಿದೆ, ಈಗ ತಿರುಗಿಸಿದರೆ ಭಾರ ಬೇರೆ ಕಡೆಗೆ ಬಿದ್ದು ಪಟ್ಟಿಗಳು ಉದುರಬಹುದು ಎಂಬ ಹೆದರಿಕೆ. ಇಷ್ಟೆಲ್ಲ ಓದಿದ ಮೇಲೆ ನಾನು ಚಿತ್ರದ ಬೆನ್ನಿಗೆ ಪೆನ್ಸಿಲಿನಲ್ಲಿ ಒಂದು ಬಾಣ ಹಾಕಿ 'ಮೇಲೆ' ಎಂದು ಬರೆಯುವ ರೂಢಿ ಮಾಡಿಕೊಂಡೆ. ಮೊನ್ನೆ ಚೌಕಟ್ಟು ಹಾಕಿಸಲು ಒಂದನ್ನು ತೆಗೆದು ನೋಡಿದರೆ ಬೆನ್ನಿನ ಮೇಲೆ ಎರಡು ಬಾಣ. ಎರಡನೆಯದು ಕೆಂಪು ಕ್ರೇಯಾನಿನದು, ನನ್ನದಕ್ಕೆ ಉಲ್ಟಾ, ನನ್ನದಕ್ಕಿಂತ ದಪ್ಪ. ಚೌಕಟ್ಟಿನವರು ಕೊಕ್ಕೆ ಯಾವ ಕಡೆ ಹೊಡೀಲಿ ಎಂದು ಕೇಳಿದರು. ಎರಡೂ ಕಡೆ ಹೊಡೀರಿ ಎಂದೆ.